ಕತ್ತಿ ಮರೆತ ಬಿದಿರು ತೋಪು

ಜಪಾನಿಗೆ ಹೋಗಿಬಂದ ನಮ್ಮವರ ಫೋನಿನಲ್ಲಿ ಈ ಚಿತ್ರ ಇದ್ದೇ ಇರುತ್ತದೆ: ಎರಡೂ ಮಗ್ಗುಲಲ್ಲಿ ಮುಗಿಲು ಮುಟ್ಟುವ ಹಸಿರು ಗಳಗಳು, ನಡುವೆ ಓಣಿಯಂಥ ದಾರಿ, ದಾರಿಯಲ್ಲಿ ಬಾಡಿಗೆ ಕಿಮೋನೊ ಉಟ್ಟ ಯಾರದೋ ಬೆನ್ನು. ಅಡಿಬರಹವೂ ಗೊತ್ತಿದ್ದದ್ದೇ. ಸಾವಿರ ವರ್ಷದ ಕಾಡು, ಝೆನ್ ಮೌನ, ಪ್ರಕೃತಿಯೇ ಕಟ್ಟಿದ ದೇಗುಲ. ಕ್ಯೋಟೊ ನಗರದ ಪಡುವಣ ಅಂಚಿನ ಅರಾಶಿಯಾಮದಲ್ಲಿರುವ, ಅರ್ಧ ಕಿಲೋಮೀಟರು ಉದ್ದವೂ ಇಲ್ಲದ ಈ ಸಾಗಾನೊ ದಾರಿ ಇವತ್ತು ಜಪಾನಿನ ಬಿದಿರು ಸಂಸ್ಕೃತಿಗೆಲ್ಲ ವಕಾಲತ್ತು ವಹಿಸಿಕೊಂಡು ನಿಂತಿದೆ. ಆ ದಾರಿಯ ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಬೆಳಗಿನ ಬಿಸಿಲು ಎಲೆಗಳಲ್ಲಿ ಸೋಸಿ ಹಸಿರಾಗಿ ಇಳಿಯುವುದನ್ನೂ ಗಾಳಿಗೆ ಗಳಕ್ಕೆ ಗಳ ತಾಗಿ ಟಕಟಕ ಎನ್ನುವುದನ್ನೂ ಅಲ್ಲಗಳೆಯುವ ಅರಸಿಕತನ ನನಗೆ ಬೇಡ. ತಕರಾರಿರುವುದು ಅಡಿಬರಹದ ಮೇಲೆ. ಅದರ ಒಂದೊಂದು ಪದವೂ ಜಪಾನಿನ ಸಾಹಿತ್ಯ, ಚರಿತ್ರೆಗಳ ಎದುರು ಸೋಲುತ್ತದೆ. ಸೋತರೂ ಚಿಂತೆಯಿರಲಿಲ್ಲ, ನಾವು ಗೌರವಿಸುತ್ತಿದ್ದೇವೆ ಎಂದುಕೊಂಡದ್ದನ್ನೇ ಅದು ಮುಚ್ಚಿಹಾಕುತ್ತಿದೆ.

ಮೊದಲು 'ಕಾಡು' ಎಂಬ ಮಾತು. ಕಾಡು, ತೋಪು, ತೋಟ, ಮೆಳೆ ಎಂದು ನಾಲ್ಕು ಪದ ಕೈಯಲ್ಲಿದ್ದೂ ನಾವು ಇಂಗ್ಲಿಷಿನ 'ಬ್ಯಾಂಬೂ ಫಾರೆಸ್ಟ್' ಅನ್ನು ಎತ್ತಿ ತಂದು 'ಬಿದಿರು ಕಾಡು' ಮಾಡಿಕೊಂಡೆವು. ನಮ್ಮ ಮಲೆನಾಡಿನ ಮುಳ್ಳುಬಿದಿರು ಮೆಳೆ ಕಟ್ಟುವ ಜಾತಿ. ಒಂದೇ ಬುಡಕ್ಕೆ ಒತ್ತಿಕೊಂಡು ಹತ್ತಾರು ಗಳ ಏಳುತ್ತವೆ, ಮುಳ್ಳುಕೊಂಬೆ ಹೆಣೆದುಕೊಳ್ಳುತ್ತವೆ. ಒಳಗೆ ನುಗ್ಗಬೇಕಾದರೆ ಆನೆಯೇ ಆಗಬೇಕು. ಜಪಾನಿನ ದೊಡ್ಡ ಬಿದಿರುಗಳು ಬೇರೆ ಬಗೆಯವು. ಅವುಗಳ ಬೇರುಕಾಂಡ ನೆಲದಡಿಯಲ್ಲಿ ಓಡುತ್ತ ಹೋಗಿ ಅಲ್ಲೊಂದು ಇಲ್ಲೊಂದು ಕಳಲೆ ಎಬ್ಬಿಸುತ್ತದೆ. ಆದ್ದರಿಂದಲೇ ಅಲ್ಲಿ ಗಳಗಳು ಒಂಟೊಂಟಿಯಾಗಿ ನಿಂತು, ನಡುವೆ ಮನುಷ್ಯ ನಡೆಯುವ ಜಾಗ ಸಾಧ್ಯವಾಗುತ್ತದೆ. ಸಾಧ್ಯವಾಗುತ್ತದೆ ಅಷ್ಟೆ, ತಾನಾಗಿ ಉಳಿಯುವುದಿಲ್ಲ. ಕೆಲವೇ ವರ್ಷ ಕೈಬಿಟ್ಟರೂ ಸತ್ತ ಗಳ ಬದುಕಿದ ಗಳದ ಮೇಲೆ ಒರಗಿ, ಹೆಜ್ಜೆಯಿಡಲು ತೆರಪಿಲ್ಲದ ಕತ್ತಲೆಯಾಗುತ್ತದೆ. ಕೊಡೆ ಬಿಚ್ಚಿಕೊಂಡು ನಡೆದುಹೋಗುವಷ್ಟು ಅಂತರವಿರಬೇಕು ಎನ್ನುವುದು ಅಲ್ಲಿನ ಬೆಳೆಗಾರರ ಹಳೆಯ ಅಳತೆ. ಆ ಕೊಡೆಯಗಲದ ಅಂತರವನ್ನು ಕಾಯುವುದು ಕತ್ತಿ. ಪ್ರವಾಸಿ ಫೋಟೊ ತೆಗೆಯುವುದು ಕಡಿದ ಬಿದಿರು ಬಿಟ್ಟುಹೋದ ಜಾಗವನ್ನು. ಹಾಗಾಗಿ ಅದನ್ನು ಕಾಡು ಎನ್ನಬೇಡಿ, ತೋಪು ಎನ್ನಿ. ಮಾವಿನ ತೋಪು ತಾನಾಗಿ ಬೆಳೆದದ್ದು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ಇನ್ನು 'ಸಾವಿರ ವರ್ಷ'. ಸಾಗಾನೊದಲ್ಲಿ ಕಣ್ಣು ತುಂಬುವ ಆ ದಪ್ಪ ಗಳ ಮೊಸೊ ಜಾತಿಯದು, ಚೀನಾ ಮೂಲದ್ದು. ಸತ್ಸುಮದ ಶಿಮಾಜು ಯೋಶಿತಾಕ 1736ರಲ್ಲಿ ರ್ಯೂಕ್ಯೂ ಮೂಲಕ ಅದನ್ನು ತರಿಸಿ ಕಾಗೊಶಿಮದ ಸೆಂಗನ್‌ಎನ್ ಉದ್ಯಾನದಲ್ಲಿ ನೆಡಿಸಿದ, ಅಲ್ಲಿಂದ ದೇಶಕ್ಕೆ ಹಬ್ಬಿತು ಎನ್ನುವುದು ಹೆಚ್ಚಿನವರು ಒಪ್ಪುವ ಕಥನ. ಅದಕ್ಕೂ ಮುಂಚೆ ಯಾರೋ ಭಿಕ್ಷು ತಂದಿದ್ದ ಎಂಬ ಐತಿಹ್ಯಗಳಿವೆ, ಇರಲಿ. ಹಳೆಯ ಜಪಾನಿನ ಬಿದಿರು ಎಂದರೆ ಮದಾಕೆ ಮತ್ತು ಹಚಿಕು, ಇವೆರಡೂ ಮೊಸೊಗಿಂತ ತೆಳು ಮೈಯವು. ಫೋಟೊದ ಬಿದಿರು ಒಂದು, ಸಂಸ್ಕೃತಿಯ ಬಿದಿರು ಇನ್ನೊಂದು. ಈ ವ್ಯತ್ಯಾಸವನ್ನು ಸಸ್ಯಶಾಸ್ತ್ರದ ತಲೆಹರಟೆ ಎಂದು ತಳ್ಳಿಹಾಕುವವರಿದ್ದಾರೆ. ಅವರಿಗಾಗಿ ಸಾಹಿತ್ಯದ ಸಾಕ್ಷಿಗೇ ಹೋಗುತ್ತೇನೆ.

ಬಿದಿರು ದಾರಿಯ ಬಾಯಲ್ಲೇ ನೊನೊಮಿಯ ಎಂಬ ಪುಟ್ಟ ಶಿಂತೊ ಗುಡಿಯಿದೆ. ಇಸೆಯ ಮಹಾಮಂದಿರದ ಸೇವೆಗೆ ಹೊರಡುವ ರಾಜಕುವರಿಯರು ಮೊದಲು ಇಲ್ಲಿ ಶುದ್ಧಿವ್ರತದಲ್ಲಿ ಇರುತ್ತಿದ್ದರು. ಗೆಂಜಿ ಕಥನದ 'ಸಕಾಕಿ' ಅಧ್ಯಾಯದಲ್ಲಿ ಗೆಂಜಿ ರೊಕುಜೊ ರಾಣಿಯನ್ನು ಬೀಳ್ಕೊಡಲು ಬರುವುದು ಇಲ್ಲಿಗೇ. ಪ್ರವಾಸಿ ಫಲಕಗಳು ಈ ಪ್ರಸಂಗವನ್ನು ಬಿದಿರಿನ ನೆರಳಲ್ಲಿ ಕೂರಿಸಿಬಿಡುತ್ತವೆ. ಆದರೆ ಹನ್ನೊಂದನೆಯ ಶತಮಾನದ ಆರಂಭದ ಮುರಸಾಕಿ ಶಿಕಿಬುವಿನ ಪುಟ ತೆರೆದು ನೋಡಿ: ಬಾಡುತ್ತಿರುವ ಶರತ್ಕಾಲದ ಹೂಗಳು, ಹುಲ್ಲುಬಯಲು, ಹುಳಗಳ ದನಿ, ಪೈನ್ ಮರಗಳ ಗಾಳಿ, ಸಣ್ಣ ರೆಂಬೆಗಳ ಬೇಲಿ, ತೊಗಟೆ ತೆಗೆಯದ ಮರದ ತೋರಿ ಬಾಗಿಲು. ಬಿದಿರು ತೋಪು ಎಲ್ಲೂ ಇಲ್ಲ. ನೊನೊಮಿಯ ಎಂಬ ಹೆಸರಿನ ಅರ್ಥವೇ ಬಯಲಿನ ಗುಡಿ.

ಇದೊಂದೇ ಆಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಅಲ್ಲಿಂದ ಕೂಗಳತೆಯ ಓಗುರ ಬೆಟ್ಟದ ತಪ್ಪಲಿನಲ್ಲಿ ಹದಿಮೂರನೆಯ ಶತಮಾನದಲ್ಲಿ ಫುಜಿವಾರ ನೊ ತೇಯ್ಕ ನೂರು ಕವಿಗಳಿಂದ ನೂರು ಪದ್ಯ ಆಯ್ದ. ಜಪಾನಿನ ಮಕ್ಕಳು ಇಂದಿಗೂ ಕಾರ್ಡಾಟದಲ್ಲಿ ಬಾಯಿಪಾಠ ಮಾಡುವ 'ಓಗುರ ಹ್ಯಾಕುನಿನ್ ಇಶ್ಶು' ಅದು. ಅದರಲ್ಲಿ ಆ ಬೆಟ್ಟದ ಕೆಂಪೆಲೆಗಳಿವೆ, ಚಂದ್ರನಿದ್ದಾನೆ, ಚೆರ್ರಿ ಹೂವಿದೆ. ಕುಳ್ಳ ಬಿದಿರುಹುಲ್ಲಿನ ಬಯಲು ಎರಡು ಕಡೆ ಬರುತ್ತದೆ. ಎತ್ತರದ ಬಿದಿರು ತೋಪಿನ ಪದ್ಯ ಒಂದೂ ಇಲ್ಲ. ಅರಾಶಿಯಾಮ ಹೆಯಾನ್ ಕಾಲದಿಂದಲೂ ವಿಹಾರತಾಣ ಹೌದು. ಆದರೆ ಅರಸು ಮಂದಿ ದೋಣಿ ಹತ್ತಿ ಬರುತ್ತಿದ್ದದ್ದು ಹೂವಿಗೆ, ಕೆಂಪೆಲೆಗೆ, ಬೆಳದಿಂಗಳಿಗೆ. ಬಿದಿರು ನೋಡಲು ಹೋಗಿಬರುವ ಪದ್ಧತಿಯನ್ನು ಅವರ ತಲೆಗೆ ಕಟ್ಟುತ್ತಿರುವವರು ನಾವು.

ಇದಕ್ಕೆ ಪ್ರತಿಸಾಕ್ಷಿ ಇಲ್ಲವೆ? ಇದೆ, ಮುಚ್ಚಿಡುವುದು ಸರಿಯಲ್ಲ. 'ಮನ್ಯೊಶು' ಸಂಕಲನದಲ್ಲಿ ಒತೊಮೊ ನೊ ಯಾಕಮೊಚಿ 753ರಲ್ಲಿ ಬರೆದ ಒಂದು ಪದ್ಯವಿದೆ: ಸಂಜೆಗಾಳಿಗೆ ಬಿದಿರೆಲೆಗಳ ಕ್ಷೀಣ ಸದ್ದು. ಜಪಾನಿ ಕಾವ್ಯದ ಅತಿ ಸೂಕ್ಷ್ಮ ರಚನೆಗಳಲ್ಲಿ ಅದೊಂದು ಎಂದು ನಾನೂ ಒಪ್ಪುತ್ತೇನೆ. ಆದರೆ ಅದು ಅವನ ಮನೆಯಂಗಳದ ನಾಲ್ಕಾರು ಗಳಗಳ ಸದ್ದು. ಅವನು ಎಲ್ಲಿಗೂ ಹೋಗಿಲ್ಲ, ಮನೆಯಲ್ಲೇ ಕೂತು ಕೇಳಿದ್ದಾನೆ. ಪರಿಸರ ಇಲಾಖೆ 1996ರಲ್ಲಿ ಜಪಾನಿನ ಉಳಿಸಬೇಕಾದ ನೂರು ಧ್ವನಿದೃಶ್ಯಗಳ ಪಟ್ಟಿಗೆ ಕ್ಯೋಟೊದ ಬಿದಿರು ತೋಪುಗಳನ್ನು ಸೇರಿಸಿದಾಗ ಆ ಕಿವಿಯ ಪರಂಪರೆಯನ್ನೇ ನೆನೆದಿರಬೇಕು. ಇವತ್ತು ಸಾಗಾನೊದಲ್ಲಿ ಹಗಲು ಹೊತ್ತು ಕೇಳಿಸುವುದು ಮುಖ್ಯವಾಗಿ ಜನರ ಚಪ್ಪಲಿ.

ಮುಂದಿನದು ಮೌನ, ಶಾಂತಿ, ಝೆನ್. ಇಲ್ಲಿ ಸಾಮಾನ್ಯ ಅಭಿಪ್ರಾಯ ಬರೀ ಅರೆಬರೆಯಲ್ಲ, ತಲೆಕೆಳಗು. ಜಪಾನಿ ಭಾಷೆಯಲ್ಲಿ ಚೊಕ್ಕ ತೋಪಿಗೆ ಚಿಕುರಿನ್ ಎಂಬ ಮಾತಿದ್ದರೆ, ಊರಹಿಂದಿನ ದಟ್ಟಣೆಗೆ ಯಾಬು ಎಂಬ ಮಾತಿದೆ. ಜನಪದದ ನೆನಪೆಲ್ಲ ಯಾಬುವಿನದು, ಅದು ಹೆದರಿಕೆಯ ನೆನಪು. ಚಿಬದ ಇಚಿಕಾವ ಊರ ನಡುವೆ 'ಯಾವತ ನೊ ಯಾಬು ಶಿರಾಜು' ಎಂಬ ಪುಟ್ಟ ಬಿದಿರ ದಟ್ಟಣೆಯಿದೆ. ಒಳಹೊಕ್ಕವರು ಹೊರಬರುವುದಿಲ್ಲ ಎಂಬ ನಂಬಿಕೆಯಿಂದ ಇವತ್ತಿಗೂ ಬೇಲಿ ಹಾಕಿ ಬಿಟ್ಟಿದ್ದಾರೆ. 1582ರಲ್ಲಿ ಒಡೆಯ ಒದಾ ನೊಬುನಾಗನ ಮೇಲೆ ತಿರುಗಿಬಿದ್ದು, ಕೆಲವೇ ದಿನಗಳಲ್ಲಿ ಯಾಮಜಾಕಿಯಲ್ಲಿ ಸೋತು ಓಡಿದ ಅಕೆಚಿ ಮಿತ್ಸುಹಿದೆ ಸತ್ತದ್ದು ಓಗುರುಸುವಿನ ಬಿದಿರು ಯಾಬುವಿನಲ್ಲಿ, ರೈತರ ಬಿದಿರೀಟಿಗೆ ಎಂದು ಹೇಳುತ್ತಾರೆ.

ಅಕುತಗಾವ ರ್ಯುನೊಸುಕೆ 1922ರಲ್ಲಿ ಪ್ರಕಟಿಸಿದ 'ಯಾಬು ನೊ ನಾಕ' ಕಥೆಯೂ ಇಂಥ ಯಾಬುವಿನಲ್ಲೇ ನಡೆಯುವುದು: ಬಿದಿರು, ನಡುವೆ ಸೀಡರ್ ಮರ, ಒಂದು ಹೆಣ, ಒಂದಕ್ಕೊಂದು ಹೊಂದದ ಹೇಳಿಕೆಗಳು. ಕುರೊಸಾವ 1950ರಲ್ಲಿ 'ರಶೊಮೊನ್' ಮಾಡುವಾಗ ಘಟನೆಯನ್ನು ಕಾಡಿಗೆ ಒಯ್ದ; ಆದ್ದರಿಂದ ಚಿತ್ರವನ್ನಷ್ಟೇ ನೋಡಿದ ನಮಗೆ ಮೂಲದ ಬಿದಿರು ಕಾಣುವುದಿಲ್ಲ. 'ಉಳಿದವರು ಕಂಡಂತೆ' ಬಂದಾಗ ನಾವೆಲ್ಲ ರಶೊಮೊನ್ ತಂತ್ರದ ಬಗ್ಗೆ ಪುಟಗಟ್ಟಲೆ ಬರೆದೆವು, ಆ ತಂತ್ರದ ಬೇರು ಬಿದಿರ ದಟ್ಟಣೆಯಲ್ಲಿದೆ ಎಂಬುದನ್ನು ಬಿಟ್ಟು. ಜಪಾನಿಯಲ್ಲಿ 'ಯಾಬುವಿನೊಳಗೆ' ಎಂದರೆ ಸತ್ಯ ಏನೆಂದು ಯಾರಿಗೂ ತಿಳಿಯದ ಪ್ರಕರಣ ಎಂದರ್ಥ. ಕಥೆಯಿಂದ ಹುಟ್ಟಿದ ನುಡಿಗಟ್ಟು ಅದು. ಇಂಥ ಜಾಗವನ್ನು ಮನಶ್ಶಾಂತಿಯ ಐಕಾನ್ ಮಾಡಿದ್ದು ಯಾವ ಪರಂಪರೆ? ಅರಣ್ಯ ಇಲಾಖೆ 1982ರಲ್ಲಿ ಟಂಕಿಸಿದ 'ಶಿನ್‌ರಿನ್ ಯೊಕು', ಅಂದರೆ ಕಾಡಿನ ಸ್ನಾನ, ಎಂಬ ಪದಕ್ಕೆ ವೆಲ್‌ನೆಸ್ ಉದ್ಯಮ ಬಿದಿರನ್ನೂ ಸೇರಿಸಿ ಮಾರುತ್ತಿದೆ. ಆ ಪದಕ್ಕೆ ನನ್ನದೇ ತಲೆಮಾರಿನ ವಯಸ್ಸು.

ಝೆನ್ ಪಕ್ಷದವರ ಬಳಿ ಒಂದು ಗಟ್ಟಿ ಉತ್ತರವಿದೆ, ಅದನ್ನು ಅವರ ಪರವಾಗಿ ನಾನೇ ಹೇಳುತ್ತೇನೆ. ತಾಂಗ್ ಕಾಲದ ಚೀನೀ ಗುರು ಶ್ಯಾಂಗ್‌ಯೆನ್, ಜಪಾನಿಗಳ ಬಾಯಲ್ಲಿ ಕ್ಯೋಗೆನ್, ಒಂದು ಕಲ್ಲು ಬಿದಿರಿಗೆ ತಾಗಿದ ಸದ್ದು ಕೇಳಿ ಅರಿವು ಪಡೆದ. ಕಾನೊ ಮೊತೊನೊಬು ಆ ಗಳಿಗೆಯನ್ನು ಕ್ಯೋಟೊದ ದಾಯ್‌ಸೆನ್‌ಇನ್ ಮಠಕ್ಕಾಗಿ ಚಿತ್ರಿಸಿದ್ದಾನೆ. ಸರಿ. ಆದರೆ ಚಿತ್ರವನ್ನು ನೋಡಿ: ಕ್ಯೋಗೆನ್ ಕೈಯಲ್ಲಿ ಪೊರಕೆಯಿದೆ. ಅವನು ಧ್ಯಾನಕ್ಕೆ ಕೂತಿರಲಿಲ್ಲ, ಕಸ ಗುಡಿಸುತ್ತಿದ್ದ. ಕಲ್ಲು ಹಾರಿದ್ದು ಆ ಪೊರಕೆಯಿಂದ. ಬಿದಿರು ತೋಪಿನ ಏಳು ಋಷಿಗಳ ಕಥೆಯೂ ಹೀಗೆಯೇ. ಮೂರನೆಯ ಶತಮಾನದ ಚೀನಾದ ಆ ಏಳು ಜನ ಜಪಾನಿನ ಪರದೆಚಿತ್ರಗಳಲ್ಲಿ ಹಾಯಾಗಿ ಕೂತಿರುತ್ತಾರೆ. ಅವರಲ್ಲಿ ಹೆಚ್ಚು ಹೆಸರಾದ ಜಿ ಕಾಂಗ್‌ಗೆ ರಾಜಕೀಯದಿಂದ ಮರಣದಂಡನೆಯಾಯಿತು. ಅವರ ತೋಪು ಆಪತ್ತಿನ ಕಾಲದ ಆಸರೆ, ವಾರಾಂತ್ಯದ ರಿಟ್ರೀಟ್ ಆಗಿರಲಿಲ್ಲ.

ನನ್ನ ಮುಖ್ಯ ಮಾತಿಗೆ ಈಗ ಬರುತ್ತೇನೆ. ಜಪಾನಿ ಸಂಸ್ಕೃತಿಯಲ್ಲಿ ಬಿದಿರಿಗೆ ಸಂದ ಗೌರವ ನೋಡುವವರದ್ದಲ್ಲ, ಕಡಿಯುವವರದ್ದು. ಗೆಂಜಿ ಕಥನವೇ ಎಲ್ಲ ಕಥನಗಳ ಮೂಲಪುರುಷ ಎಂದು ಕರೆಯುವ 'ತಕೆತೊರಿ ಮೊನೊಗಾತರಿ' ಶುರುವಾಗುವುದು ಒಬ್ಬ ಮುದುಕನಿಂದ. ಅವನು ಕವಿಯಲ್ಲ, ಸನ್ಯಾಸಿಯಲ್ಲ. ಗುಡ್ಡಕ್ಕೆ ಹೋಗಿ ಬಿದಿರು ಕಡಿದು ತಂದು ಬಗೆಬಗೆಯ ಸಾಮಾನು ಮಾಡಿ ಬದುಕುವವನು. ಕಥೆಯ ಹೆಸರಿನಲ್ಲಿರುವುದೇ ಅವನ ಕಸುಬು. ಬೆಳಗುವ ಗಳದೊಳಗೆ ಮೂರು ಅಂಗುಲದ ಕಗುಯಾಹಿಮೆ ಸಿಗುವುದು ಅಂಥವನಿಗೆ, ಯಾಕೆಂದರೆ ಒಂದೊಂದು ಗಳವನ್ನೂ ಬೇರೆಯಾಗಿ ನೋಡುವ ಕಣ್ಣು ಕಡಿಯುವವನಿಗೇ ಇರುವುದು. ವಿಮರ್ಶಕರು ಚಂದ್ರಲೋಕದ ಆ ಹುಡುಗಿಯ ಹಿಂದೆ ಹೋಗಿ ಮುದುಕನನ್ನು ಮರೆತಿದ್ದಾರೆ. ತಕಹಾತ ಇಸಾವೊ ಮರೆಯಲಿಲ್ಲ. 2013ರ ಅವನ ಅನಿಮೇಷನ್ ಚಿತ್ರದಲ್ಲಿ ದುರಂತ ಶುರುವಾಗುವುದು ಬಿದಿರಿನಲ್ಲಿ ಸಿಕ್ಕ ಚಿನ್ನದ ಬಲದಿಂದ ಮುದುಕ ಗುಡ್ಡ ಬಿಟ್ಟು ರಾಜಧಾನಿಗೆ ಹೋಗಿ ದೊಡ್ಡಮನುಷ್ಯನಾಗಲು ಹೊರಟಾಗ. ಕಸುಬು ಬಿಟ್ಟವನ ಕಥೆ ಎಂದು ನಾನದನ್ನು ಓದುತ್ತೇನೆ. ಚಿತ್ರದ ಬಗ್ಗೆ ಬಂದ ಬರಹಗಳಲ್ಲಿ ಈ ಓದು ಕಡಿಮೆ.

ಸೆನ್ ನೊ ರಿಕ್ಯೂ ವಿಷಯಕ್ಕೆ ಬನ್ನಿ. 1590ರ ಒದವಾರ ಮುತ್ತಿಗೆಗೆ ಆಗ ದೇಶವಾಳುತ್ತಿದ್ದ ಹಿದೆಯೋಶಿಯ ಜೊತೆ ಹೋದ ಈ ಚಹಾಗುರು ಇಜುವಿನ ನಿರಯಾಮ ಬಿದಿರನ್ನು ಕಡಿದು ಹೂದಾನಿ ಮಾಡಿದ. ಒನ್‌ಜೊಜಿ ಎಂಬ ದೇವಾಲಯದ ಹೆಸರೇ ಅದಕ್ಕೂ. ಆ ದೇವಾಲಯದ ಬಿರುಕುಬಿಟ್ಟ ಗಂಟೆಯ ನೆನಪಿಗೆ, ಯಾಕೆಂದರೆ ಹೂದಾನಿಯ ಎದುರು ಮೈಯಲ್ಲೇ ಒಂದು ಸೀಳಿದೆ. ಚೀನಾದ ಕಂಚು, ಸೆಲಡನ್ ಪಾತ್ರೆಗಳು ಆಳುತ್ತಿದ್ದ ಚಹಾಕೋಣೆಯಲ್ಲಿ ಯುದ್ಧದ ಬಿಡುವಿನಲ್ಲಿ ಕಡಿದ ಒಂದು ಗಣ್ಣಿನ ತುಂಡು ಕೂತುಬಿಟ್ಟಿತು. ಮರುವರ್ಷ ಹಿದೆಯೋಶಿಯ ಆಜ್ಞೆಯಂತೆ ರಿಕ್ಯೂ ಹೊಟ್ಟೆ ಸೀಳಿಕೊಂಡು ಸತ್ತ. ಅವನು ಕೊನೆಗೆ ಕೆತ್ತಿದ್ದು ಎನ್ನುವ 'ನಮಿದ', ಅಂದರೆ ಕಣ್ಣೀರು, ಎಂಬ ಚಹಾ ಚಮಚವೂ ಬಿದಿರೇ. ಜಪಾನಿ ಸೌಂದರ್ಯಪ್ರಜ್ಞೆಯ ಅತ್ಯಂತ ದೊಡ್ಡ ತಿರುವುಗಳಲ್ಲೊಂದು ನಡೆದದ್ದು ಕತ್ತಿಯ ಬಾಯಲ್ಲಿ. ವಾಬಿಸಾಬಿ ಎಂದು ಮಾತುಮಾತಿಗೆ ಹೇಳುವವರು ಈ ಸೀಳನ್ನು ಒಮ್ಮೆ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ನಿಂತು ನೋಡಬೇಕು.

ಧರ್ಮದ ಕಡೆ ತಿರುಗಿದರೂ ಇದೇ. ಕ್ಯೋಟೊದ ಉತ್ತರಕ್ಕಿರುವ ಕುರಾಮ ದೇವಾಲಯದಲ್ಲಿ ಪ್ರತಿ ಜೂನ್ 20ರಂದು ಬಿದಿರು ಕಡಿಯುವ ಉತ್ಸವ. ಯೋಧಭಿಕ್ಷುಗಳ ವೇಷದವರು ಎರಡು ಪಂಗಡವಾಗಿ, ಹಾವೆಂದು ಭಾವಿಸಿದ ಹಸಿ ಬಿದಿರನ್ನು ಪೈಪೋಟಿಯಲ್ಲಿ ತುಂಡರಿಸುತ್ತಾರೆ. ಗೆದ್ದ ಕಡೆಯ ಸೀಮೆಗೆ ಒಳ್ಳೆಯ ಬೆಳೆ. ಹೊಸ ವರ್ಷದ ಬಾಗಿಲ ಕದೊಮತ್ಸು ಓರೆಯಾಗಿ ಕತ್ತರಿಸಿದ ಬಿದಿರು. ಮನೆ ಕಟ್ಟುವ ಮುನ್ನ ಭೂಮಿಪೂಜೆಗೆ ನಾಲ್ಕು ಮೂಲೆಗೂ ಕಡಿದು ತಂದ ಹಸಿ ಬಿದಿರು. ತಾನಾಬಾತಾ ಹಬ್ಬದಲ್ಲಿ ಮಕ್ಕಳು ಹರಕೆಚೀಟಿ ಕಟ್ಟುವುದೂ ಕಡಿದ ಕೊಂಬೆಗೆ. ನಾರಾದ ತಕಯಾಮ ಊರಿನ ಚಹಾ ಕಡೆಗೋಲಿಗೆ ಹಚಿಕು ಬೇಕು, ಶಕುಹಾಚಿ ಕೊಳಲಿಗೆ ಮದಾಕೆಯ ಬುಡ ಬೇಕು. ಎಡಿಸನ್ 1880ರಲ್ಲಿ ತನ್ನ ವಿದ್ಯುದ್ದೀಪದ ತಂತುವಿಗೆ ಕ್ಯೋಟೊ ಬಳಿಯ ಯಾವತದ ಮದಾಕೆಯನ್ನು ಆರಿಸಿಕೊಂಡ. ಇವಾಶಿಮಿಜು ಹಚಿಮಾನ್ ಗುಡಿಯ ಆವರಣದಲ್ಲಿ ಅವನ ಸ್ಮಾರಕವಿದೆ. ಈ ಪಟ್ಟಿಯಲ್ಲಿ ಒಂದಾದರೂ 'ಕಾಡಿನ ನಡುವೆ ನಿಂತು ನೋಡಿದ' ಬಿದಿರು ಇದೆಯೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನೋಡುವುದೂ ಸಂಸ್ಕೃತಿಯೇ ತಾನೆ. ಹನಾಮಿ ಎಂಬ ಹೂದರ್ಶನ, ಚಂದ್ರದರ್ಶನ ಇವೆಲ್ಲ ಜಪಾನಿನ ಕಣ್ಣೇ ಕಟ್ಟಿದ ಪರಂಪರೆಗಳಲ್ಲವೆ. ಬಿದಿರಿಗೂ ಈಗ ಒಂದು ಬಂದಿದ್ದರೆ ನಿಮಗೇನು ಸಂಕಟ? ನ್ಯಾಯವಾದ ಪ್ರಶ್ನೆ. ಪರಂಪರೆ ಬದಲಾಗಬಾರದು ಎನ್ನುವ ಮಡಿವಂತಿಕೆ ನನ್ನದಲ್ಲ. ಆದರೆ ಹನಾಮಿಗೆ ಕಾಲವಿದೆ, ಊಟವಿದೆ, ಸಾಕೆ ಇದೆ, ಹೂ ಉದುರುವ ಗಡುವಿದೆ. ಬಿದಿರಿಗೂ ಹೈಕು ಕವಿಗಳ ಪಂಚಾಂಗದಲ್ಲಿ ಕಾಲವಿದೆ, ಅದೂ ತಿರುಗುಮುರುಗು: 'ಬಿದಿರಿನ ಶರತ್ಕಾಲ' ಬರುವುದು ವಸಂತದಲ್ಲಿ, 'ಬಿದಿರಿನ ವಸಂತ' ಬರುವುದು ಶರತ್ಕಾಲದಲ್ಲಿ. ವಸಂತದಲ್ಲಿ ಬಲವೆಲ್ಲ ಕಳಲೆಗೆ ಇಳಿದು ಹಳೆಯ ಎಲೆ ಹಳದಿಯಾಗುತ್ತದೆ. ಬೇರೆಲ್ಲ ಮರ ಎಲೆಯುದುರಿಸುವಾಗ ಬಿದಿರು ಹಸಿರಾಗಿ ಚಿಮ್ಮುತ್ತದೆ. ಬಿದಿರಿನ ಜೊತೆ ದುಡಿದವರ ಕಣ್ಣಿಗಷ್ಟೇ ಹೊಳೆಯುವ ಋತುವಿನ್ಯಾಸ ಇದು. ಸಾಗಾನೊ ಮಾತ್ರ ಫೋಟೊದಲ್ಲಿ ವರ್ಷವಿಡೀ ಒಂದೇ ಹಸಿರು. ಋತುವೇ ಇಲ್ಲದ ನೋಟವನ್ನು ಜಪಾನಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಈ ನೋಟಕ್ಕೆ ತೆರುವ ಬೆಲೆ ಬೇರೆಡೆ ಇದೆ. 1960ರ ದಶಕದಲ್ಲಿ ಮದಾಕೆ ದೇಶದುದ್ದಕ್ಕೂ ಹೂಬಿಟ್ಟು ಒಣಗಿತು. ಬಿದಿರು ಹೂಬಿಟ್ಟರೆ ಏನೆಂದು ನಮ್ಮವರಿಗೆ ವಿವರಿಸಬೇಕಿಲ್ಲ. ಮದಾಕೆಯದು ಸುಮಾರು 120 ವರ್ಷಕ್ಕೊಮ್ಮೆ ಬರುವ ಸಾವು. ಕಚ್ಚಾಮಾಲಿಲ್ಲದೆ ಬುಟ್ಟಿ ಹೆಣೆಯುವವರು ಕೈಕಟ್ಟಿ ಕೂತ ಆ ಹೊತ್ತಿಗೆ ಸರಿಯಾಗಿ ಪ್ಲಾಸ್ಟಿಕ್ ಬಂತು. ಬಿದಿರು ಮತ್ತೆ ಚಿಗುರಿತು, ಗಿರಾಕಿ ಮರಳಲಿಲ್ಲ. ಚೀನಾದಿಂದ ಅಗ್ಗದ ಬೇಯಿಸಿದ ಕಳಲೆ ಬಂದಮೇಲೆ ಮೊಸೊ ತೋಪುಗಳನ್ನೂ ಕೈಬಿಟ್ಟರು. ಬಿದಿರು ವಿಜ್ಞಾನಿ ಉಎದ ಕೋಯಿಚಿರೊ 1950ರ ದಶಕದಲ್ಲಿ ಕ್ಯೋಟೊ ಬಳಿ ಅಳೆದಾಗ ಒಂದೇ ದಿನಕ್ಕೆ 121 ಸೆಂ.ಮೀ. ಬೆಳೆದ ಮದಾಕೆಯ ಕುಲವೇ ಇದು. ಕೈಬಿಟ್ಟರೆ ಸುಮ್ಮನಿರುತ್ತದೆಯೇ? ವರ್ಷಕ್ಕೆ ಕೆಲವು ಮೀಟರು ಮುಂದೊತ್ತಿ ಸೀಡರ್ ನೆಡುತೋಪು, ಗದ್ದೆಯಂಚು, ಊರ ಗುಡ್ಡ ಎಲ್ಲ ನುಂಗುತ್ತದೆ. ಜಪಾನಿನಲ್ಲಿ ಒಂದೂವರೆ ಲಕ್ಷ ಹೆಕ್ಟೇರಿಗೂ ಹೆಚ್ಚು ಬಿದಿರಿದೆ. 'ಹೋಚಿ ಚಿಕುರಿನ್', ಅಂದರೆ ಕೈಬಿಟ್ಟ ತೋಪು; 'ಚಿಕುಗಾಯ್', ಅಂದರೆ ಬಿದಿರ ಹಾವಳಿ: ಇವು ಇವತ್ತಿನ ಜಪಾನಿ ಪತ್ರಿಕೆಗಳ ದಿನಬಳಕೆಯ ಮಾತುಗಳು. ಪರಿಸರ ಸಚಿವಾಲಯದ 2015ರ ಅನ್ಯಜೀವಿಗಳ ಪಟ್ಟಿಯಲ್ಲಿ ಮೊಸೊ ಕೂಡ ಇದೆ. 'ಜಪಾನಿನ ಆತ್ಮ' ಎಂದು ನಾವು ಹಂಚಿಕೊಳ್ಳುತ್ತಿರುವ ಗಿಡ ಇದೇ. ಅತಿಯಾಗಿ ಬೆಳೆದ ಕಳಲೆಯನ್ನು ಕಡಿದು ಉಪ್ಪು ಹಾಕಿ ರಾಮೆನ್ ಬಟ್ಟಲಿನ ಮೆನ್ಮ ಮಾಡುವ ಪ್ರಯತ್ನಗಳು ಈಚೆಗೆ ಅಲ್ಲಲ್ಲಿ ನಡೆದಿವೆ. ಯಾವ ಸೆಲ್ಫಿಗಿಂತಲೂ ಆ ಉಪ್ಪಿನಲ್ಲಿ ಹೆಚ್ಚು ಸಂಸ್ಕೃತಿಯಿದೆ.

2018ರಲ್ಲಿ ಸಾಗಾನೊದ ಗಳಗಳ ಮೇಲೆ ಪ್ರವಾಸಿಗರು ಹೆಸರು ಕೆತ್ತಿದ್ದು ಸುದ್ದಿಯಾಯಿತು. ಬಿದಿರು ಮರದಂತೆ ದಪ್ಪವಾಗುವುದಿಲ್ಲ, ಹುಟ್ಟಿದಾಗಿನ ಸುತ್ತಳತೆಯೇ ಕಡೆಯತನಕ. ಆದ್ದರಿಂದ ಗಾಯ ಎಂದೂ ಕೂಡಿಕೊಳ್ಳುವುದಿಲ್ಲ. ಪವಿತ್ರ ಸ್ಥಳಕ್ಕೆ ಕತ್ತಿ ತಾಗಿಸಿದರು ಎಂದು ಎಲ್ಲರೂ ಮರುಗಿದರು. ನನಗೂ ಸಿಟ್ಟು ಬಂತು, ಕಾರಣ ಬೇರೆ. ಕತ್ತಿ ಅಲ್ಲಿಗೆ ಹೊಸದಲ್ಲ. ಏನನ್ನೂ ಮಾಡಿಕೊಳ್ಳದ ಕತ್ತಿ ಹೊಸದು.

ಕ್ಯೋಟೊಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ. ಏಪ್ರಿಲ್ ಆದರೆ ಒಳ್ಳೆಯದು. ಸಾಗಾನೊ ನೋಡಿ, ಬೇಡವೆನ್ನುವುದಿಲ್ಲ. ಆಮೇಲೆ ಲೋಕಲ್ ರೈಲು ಹತ್ತಿ ನೈಋತ್ಯದ ಮುಕೊ, ನಾಗಾಓಕಕ್ಯೊ ಕಡೆಗೆ ಹೋಗಿ. ಅಲ್ಲಿನ ಗುಡ್ಡಗಳಲ್ಲಿ ಕಳಲೆಯ ತೋಪುಗಳಿವೆ. ಚಳಿಗಾಲದಲ್ಲಿ ಹುಲ್ಲು ಹಾಸಿ ಮೇಲೆ ಹೊಸ ಮಣ್ಣು ಹೊದಿಸಿ ಮೆತ್ತಗಾಗಿಸಿದ ನೆಲ. ಮಣ್ಣಿನ ಕೂದಲೆಳೆಯ ಬಿರುಕು ನೋಡಿ, ಬೆಳಕು ಸೋಕುವ ಮೊದಲೇ, ಹೋರಿ ಎಂಬ ಉದ್ದನೆಯ ಕಬ್ಬಿಣದ ಹತಾರದಿಂದ ಕಳಲೆ ಎಬ್ಬಿಸುತ್ತಾರೆ. ಒಳಗೆ ಕಾಲಿಡಬೇಡಿ, ಅದು ಹೊಲ. ದಾರಿಯಲ್ಲೇ ನಿಂತು ಗಳಗಳ ಮೈ ಗಮನಿಸಿ, ಮಸಿಯಲ್ಲಿ ಬರೆದ ಅಂಕಿ ಕಾಣಬಹುದು. ಅದು ಆ ಗಳ ಹುಟ್ಟಿದ ವರ್ಷ. ಆರೇಳು ವರ್ಷ ತುಂಬಿದವನ್ನು ಕಡಿಯುತ್ತಾರೆ.